ವಾಸವಿರುವವರ ಸಂಖ್ಯೆ

ಜೂನ್ 1. ಬೆಳಿಗ್ಗೆ

ಅಕ್ಕನ ಚಪ್ಪಲಿ ಮಂಚದ ಕೆಳಗೆ. ಮಗುವಿನ ಬಟ್ಟೆ ಬಕೆಟ್ಟಿನಲ್ಲಿ, ಮೇಲೊಂದು ತಟ್ಟೆ ಮುಚ್ಚಿ. ಹಾಲಿನ ಪುಡಿ ಡಬ್ಬಿ ಅಕ್ಕಿ ಡಬ್ಬಿಯ ಹಿಂದೆ. ಒಂಬತ್ತಕ್ಕೆಲ್ಲ ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ತಾರಸಿಗೆ ಹೋದಳು. ಅಲ್ಲಿ ಆಗಲೇ ಎದುರು ರೂಮಿನ ಕ್ಷೌರದವನ ಅಪ್ಪ, ಮೂಲೆ ರೂಮಿನವರ ತಮ್ಮ, ಬೇರೆ ರೂಮುಗಳ ಇನ್ನೂ ಆರೇಳು ಜನ. ಒಂದನೇ ತಾರೀಖು ಬಂದರೆ ನಮ್ಮ ತಾರಸಿ ತುಂಬಿಹೋಗುತ್ತದೆ. ಕ್ಷೌರದವನು ಅವರಿಗೆಲ್ಲ ಒಂದೇ ಹೆಸರಿಟ್ಟಿದ್ದಾನೆ — ಟಿಕೆಟ್ ಇಲ್ಲದವರು.

ಓನರ್ ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ರಿಟೈರ್ ಆದಮೇಲೆ ಸಾಲ ಮಾಡಿ ಈ ಏಳು ರೂಮು ಕಟ್ಟಿಸಿದ್ದಾರೆ. ರೂಮಿಗೆ ಇಬ್ಬರು ಅಂತ ಕರಾರು. ಮೂರನೆಯವರು ಇದ್ದರೆ ನೀರಿಗೆ ಬೇರೆ ದುಡ್ಡು, ಬಾಡಿಗೆಯೂ ಜಾಸ್ತಿ. ಹಾಗಾಗಿ ಈ ಕಟ್ಟಡದಲ್ಲಿ ಮೂರನೆಯವರು ಅಂತ ಯಾರೂ ಇಲ್ಲ.

ಬಾಡಿಗೆಗೆ ಬಂದ ಓನರ್ ಬಾಗಿಲಲ್ಲಿ ನಿಂತು ಪೆನ್ನಿನಿಂದ ಗಾಳಿಯಲ್ಲೇ ಚುಕ್ಕಿ ಇಟ್ಟರು. ಅಮ್ಮನಿಗೊಂದು, ನನಗೊಂದು.

"ಇಬ್ಬರೇನಾ?"

"ಇಬ್ಬರೇ ಅಣ್ಣಾ. ನಮ್ಮನೆಗೆ ಇನ್ಯಾರು ಬರ್ತಾರೆ, ಈ ರೋಗದ ಕಾಲದಲ್ಲಿ?" ಅಮ್ಮನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಮೇ ತಿಂಗಳದ್ದು ಅರ್ಧ ನಿಂತಿದೆ. ಈ ತಿಂಗಳದ್ದು?"

"ಇವಳ ಲಾಂಡ್ರಿ ತೆರೆದಿಲ್ಲ. ನಾನು ಕಸ ಗುಡಿಸೋ ಸಿನಿಮಾ ಟಾಕೀಸೂ ತೆರೆದಿಲ್ಲ."

ಓನರ್ ಮಾಸ್ಕ್ ಕೆಳಗೆಳೆದು ಉಸಿರು ಬಿಟ್ಟರು. "ಸೆಪ್ಟೆಂಬರ್ ಮೂವತ್ತರ ತನಕ ಯಾರನ್ನೂ ಖಾಲಿ ಮಾಡಿಸಬಾರದು ಅಂತ ಆರ್ಡರ್ ಬಂದಿದೆ. ಸರಿ. ಮಾಡಿಸಲ್ಲ. ನನ್ನ ಸಾಲದ ಕಂತು ಕೇಳಬಾರದು ಅಂತ ಬ್ಯಾಂಕಿನವರಿಗೆ ಯಾರಾದ್ರೂ ಆರ್ಡರ್ ಮಾಡಿದ್ದಾರಾ? ಮೂವತ್ತು ಆದಮೇಲೆ ನಾನು ಯಾರ ಮುಖಾನೂ ನೋಡಲ್ಲ, ಈಗಲೇ ಹೇಳಿರ್ತೀನಿ."

ಹೋದರು. ಅಕ್ಕ ಕೆಳಗೆ ಬಂದಾಗ ಮಗುವಿನ ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು.

ಜೂನ್ 8

ಲಾಂಡ್ರಿಯಲ್ಲಿ ನನ್ನ ಜೋಡಿಯವಳಿಗೆ ಫೋನ್ ಮಾಡಿದೆ. ಮೂರು ವರ್ಷ ಅವಳೂ ನಾನೂ ಎದುರುಬದುರು ನಿಂತು ಹೋಟೆಲಿನ ಬೆಡ್‌ಶೀಟ್ ಮಡಿಚಿದ್ದೇವೆ. ಅವಳು ಎರಡು ಮೂಲೆ, ನಾನು ಎರಡು ಮೂಲೆ. ಮಾತೇ ಬೇಕಿರಲಿಲ್ಲ. ನನಗೆ ಅದೇ ಹಿತ. ಅದಕ್ಕೇ ಇರಬೇಕು, ಇವತ್ತು ಫೋನಿನಲ್ಲಿ ಏನು ಮಾತಾಡುವುದು ಅಂತಲೇ ತಿಳಿಯಲಿಲ್ಲ. ಅವಳೇ ಹೇಳಿದಳು. ಹೋಟೆಲಿನಲ್ಲಿ ಈಗ ರೋಗಿಗಳನ್ನು ಇಟ್ಟಿದ್ದಾರಂತೆ. ರೂಮೆಲ್ಲ ಭರ್ತಿ.

"ಹಾಗಾದ್ರೆ ಬೆಡ್‌ಶೀಟು..."

"ಕಾಗದದ್ದು ಕಣೇ. ಒಂದು ಸಲ ಹಾಸೋದು, ಎಸೆಯೋದು. ತೊಳೆಯೋದೇ ಬೇಡ."

ಈ ಪುಸ್ತಕ ಲಾಂಡ್ರಿಯದ್ದೇ. ಬಾಗಿಲು ಹಾಕುವಾಗ ಸೂಪರ್‌ವೈಸರ್ ಕೊಟ್ಟಿದ್ದು. ಶೀಟು, ಟವೆಲು, ದಿಂಬಿನ ಕವರು ಅಂತ ಗೆರೆ ಎಳೆದಿದೆ. ಗೆರೆ ಮೇಲೇ ಬರೆಯುತ್ತೇನೆ.

ಜೂನ್ 17. ಮಧ್ಯಾಹ್ನ

ಕ್ಷೌರದವನು ಒಂದು ಕಟ್ಟು ಕಾಗದ ತಂದ. ನಗರ ಕಚೇರಿಯಿಂದ. ಕೆಲಸ ಹೋದ ಬಾಡಿಗೆದಾರರಿಗೆ ನೆರವು. ನಾಲ್ಕು ತಿಂಗಳ ಬಾಡಿಗೆ ಅವರೇ ಕಟ್ಟುತ್ತಾರಂತೆ, ಸೀದಾ ಓನರ್ ಕೈಗೆ.

"ಬಾರೇ ನಮ್ಮ ರೈಟರಮ್ಮ," ಅಂದ. "ಬರೆಯೋಳು ನೀನೊಬ್ಬಳೇ. ನನ್ನ ಅಕ್ಷರ ನೋಡಿದ್ರೆ ನನಗೇ ಕತ್ತರಿಸಿ ಹಾಕೋಣ ಅನ್ನಿಸುತ್ತೆ."

ನಾನು ಓದಿದ್ದು ಐದನೇ ಕ್ಲಾಸು. ಆದರೆ ಅಕ್ಷರ ದುಂಡಗೆ. ಏಪ್ರಿಲ್‌ನಲ್ಲಿ ದಿನಸಿ ಹಂಚುವವರು ಬಂದಾಗಲೂ ಏಳು ರೂಮಿನ ಪಟ್ಟಿ ನಾನೇ ಬರೆದುಕೊಟ್ಟಿದ್ದೆ. ಅವರು ಮನೆಗೆ ಅಂತ ಕೊಡಲಿಲ್ಲ, ತಲೆಗೆ ಇಷ್ಟು ಅಂತ ಕೊಟ್ಟರು.

ಮೆಟ್ಟಿಲ ಮೇಲೆ ಕೂತು ಬರೆದೆ. ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತರು, ಒಂದು ಮೆಟ್ಟಿಲು ಬಿಟ್ಟು. ಹೆಸರು. ಕೆಲಸ. ಕೆಲಸ ಹೋದ ದಿನ. ಆಮೇಲೆ — ಮನೆಯಲ್ಲಿ ವಾಸವಿರುವವರ ಸಂಖ್ಯೆ. ಅಲ್ಲಿಗೆ ಬಂದಾಗ ಎಲ್ಲರೂ ತಡೆದರು. ಎರಡನೇ ಪುಟದಲ್ಲಿ ಓನರ್ ಸಹಿ ಬೇಕು. ಅವರು ಓದದೆ ಸಹಿ ಹಾಕುವವರಲ್ಲ.

"ಓನರ್ ಲೆಕ್ಕ ಬರಿ," ಅಂದ ಕ್ಷೌರದವನು.

"ಓನರ್ ಲೆಕ್ಕವೇ," ಅಂದರು ಮೂಲೆ ರೂಮಿನವರು.

ಕೊನೆಗೆ ನಮ್ಮದು. ಅಮ್ಮನನ್ನು ಕೇಳಿದೆ, ಎರಡಾ ನಾಲ್ಕಾ?

"ಕಂಡಕ್ಟರ್ ಕಣ್ಣಿಗೆ ಬೀಳೋ ಕಾಗದ ತಾನೇ? ಎರಡು."

2 ಅಂತ ಬರೆದೆ. ಚೆನ್ನಾಗಿ ಬಂತು. ಬಾತುಕೋಳಿ ಹಾಗೆ. ಅಕ್ಕ ಹಿಂದಿನಿಂದ ಬಗ್ಗಿ ನೋಡಿ, ಮಗುವಿಗೆ "ನೀನಿಲ್ಲ, ನಾನೂ ಇಲ್ಲ" ಅಂತ ಹೇಳಿ ಮೂಗು ಉಜ್ಜಿ ನಗಿಸಿದಳು.

ಜೂನ್ 22

ಓನರ್ ಏಳಕ್ಕೂ ಸಹಿ ಹಾಕಿದರು. ಕನ್ನಡಕ ಏರಿಸಿ, ಬೆರಳಿಟ್ಟು ಓದಿ. "ಅಕ್ಷರ ಯಾರದು?" ಎಲ್ಲರೂ ನನ್ನ ಕಡೆ ತಿರುಗಿದರು. ಎಲ್ಲಿಗೆ ನೋಡಬೇಕೋ ತಿಳಿಯದೆ ಅವರ ಚಪ್ಪಲಿ ನೋಡಿದೆ.

"ನನ್ನ ಸೊಸೆ ಡಿಗ್ರಿ ಮಾಡಿದ್ದಾಳೆ. ಹೀಗೆ ಬರೆಯಲ್ಲ."

ಇವತ್ತು ಸಂತೋಷವಾಗಿತ್ತು. ಇಲ್ಲಿ ಬರೆದಿಡಬಹುದು. ಯಾರು ನೋಡುತ್ತಾರೆ.

ಜುಲೈ 1

ಒಂದನೇ ತಾರೀಖು. ಚಪ್ಪಲಿ, ಬಕೆಟ್, ಡಬ್ಬಿ. ಮಳೆ ಇತ್ತು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಕೆಳಗೆ ಹತ್ತು ಜನ ಕುಕ್ಕರುಗಾಲಲ್ಲಿ ಕೂತಿದ್ದರಂತೆ. ಓನರ್ ಇವತ್ತು ಬಾಡಿಗೆ ಕೇಳಲಿಲ್ಲ. "ಕಚೇರಿಯವರು ಕೊಡ್ತಾರಲ್ಲ, ನೋಡೋಣ" ಅಂದರು. ಅಮ್ಮ ಅವರಿಗೆ ಚಹಾ ಕೊಟ್ಟಳು. ಹಾಲಿನ ಪುಡಿ ಹಾಕಿ. ಆಮೇಲೆ ಹೆದರಿದಳು, ಹಾಲಿನ ಪುಡಿ ಎಲ್ಲಿಂದ ಬಂತು ಅಂತ ಕೇಳಿಯಾರು ಅಂತ. ಕೇಳಲಿಲ್ಲ.

ಜುಲೈ 20. ಹನ್ನೊಂದು ಗಂಟೆ

ಸಹಾಯವಾಣಿಗೆ ಫೋನ್ ಮಾಡಿದೆ. ಏಳು ರೂಮಿನ ಪರವಾಗಿ ನಾನೇ ಮಾಡಬೇಕಂತೆ, ಫಾರಂ ನಾನೇ ಬರೆದದ್ದರಿಂದ. ಹೇಳಬೇಕಾದ್ದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೆ. ನಲವತ್ತು ನಿಮಿಷ ಹಾಡು. ನಡುವೆ ಒಬ್ಬಳು, ನಿಮ್ಮ ಕರೆ ನಮಗೆ ಮುಖ್ಯ ಅನ್ನುವಳು. ಇಷ್ಟು ಸಲ ಯಾರೂ ನನಗೆ ಹಾಗೆ ಹೇಳಿಲ್ಲ.

ಆಮೇಲೆ ನಿಜವಾದ ದನಿ ಬಂತು. "ಹಲೋ, ಹೇಳಿ."

ಕಾಗದ ಕೈಯಲ್ಲೇ ಇತ್ತು. ಒಂದಕ್ಷರವೂ ಕಾಣಲಿಲ್ಲ.

"ಹಲೋ, ಹೇಳಿ ಮೇಡಂ."

ಕಟ್ ಮಾಡಿಬಿಟ್ಟೆ. ಎಲ್ಲರಿಗೂ ಲೈನ್ ಸಿಗಲಿಲ್ಲ ಅಂದೆ.

ಆಗಸ್ಟ್ 6

ಪೋಸ್ಟ್‌ಮ್ಯಾನ್ ಏಳು ಲಕೋಟೆ ತಂದ. ಏಳರಲ್ಲೂ ಒಂದೇ. 'ತಾವು ನೀಡಿರುವ ವಿವರಗಳು ಈ ಕಚೇರಿಯ ದಿನಸಿ ವಿತರಣಾ ಪಟ್ಟಿಯೊಂದಿಗೆ ತಾಳೆಯಾಗದ ಕಾರಣ ಅರ್ಜಿಯನ್ನು ತಡೆಹಿಡಿಯಲಾಗಿದೆ.'

ಮೂರು ಸಲ ಓದಿದೆ. ಆಮೇಲೆ ಹೊಳೆಯಿತು.

ದಿನಸಿ ಪಟ್ಟಿಯಲ್ಲಿ ನಮ್ಮದು ನಾಲ್ಕು. ಕ್ಷೌರದವನದ್ದು ಮೂರು. ಮೂಲೆ ರೂಮು ಐದು. ಹೊಟ್ಟೆಯ ಲೆಕ್ಕ. ಬಾಡಿಗೆ ಫಾರಂನಲ್ಲಿ ಏಳಕ್ಕೆ ಏಳೂ ಎರಡು. ಓನರ್ ಲೆಕ್ಕ. ಎರಡೂ ಹೋಗಿದ್ದು ಒಂದೇ ಕಚೇರಿಗೆ. ಎರಡೂ ನನ್ನ ಅಕ್ಷರ.

ಹೊಳೆಯಬಾರದಿತ್ತಾ ನನಗೆ? ಏಪ್ರಿಲ್‌ನಲ್ಲಿ ಬರೆದ ಕೈಯೇ ತಾನೇ ಜೂನ್‌ನಲ್ಲಿ ಬರೆದದ್ದು? ಈ ಕಟ್ಟಡದಲ್ಲಿ ನಾವೆಲ್ಲ ಐದು ವರ್ಷದಿಂದ ಎರಡು ಲೆಕ್ಕ ಇಟ್ಟುಕೊಂಡೇ ಬದುಕಿದವರು. ಅವೆರಡು ಎಲ್ಲೋ ಒಂದು ಮೇಜಿನ ಮೇಲೆ ಅಕ್ಕಪಕ್ಕ ಕೂರುತ್ತವೆ ಅಂತ ಯಾರಿಗೂ ಹೊಳೆಯಲಿಲ್ಲ.

ಮೂಲೆ ರೂಮಿನವರು ಬಾಗಿಲಿಗೇ ಬಂದರು. "ಬರೆಯೋಕೆ ಬರುತ್ತೆ ಅಂತ ಮುಂದೆ ಕೂತೆ. ಬರದಿದ್ರೆ ಬರಲ್ಲ ಅನ್ನಬೇಕಿತ್ತು."

ಅಕ್ಕ ಎದ್ದಳು. "ನೀವೇ ತಾನೇ ಓನರ್ ಲೆಕ್ಕ ಬರಿ ಅಂದದ್ದು?"

"ನೀನು ಸುಮ್ಮನಿರಮ್ಮ. ನೀನು ಈ ಮನೇಲಿ ಇಲ್ಲವೇ ಇಲ್ಲ."

ಆಗಸ್ಟ್ 10

ನಗರ ಕಚೇರಿ. ಏಳು ಲಕೋಟೆ ಚೀಲದಲ್ಲಿ. ನೆಲದಲ್ಲಿ ಬಣ್ಣದ ವೃತ್ತ. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾಲು ಗಂಟೆ. ನನ್ನ ಸರದಿ ಬಂದಾಗ ಎರಡೂವರೆ.

ಕೌಂಟರಿನ ಮೇಡಂ ಪ್ಲಾಸ್ಟಿಕ್ ಹಾಳೆಯ ಹಿಂದೆ. ನಾನು ಮಾಸ್ಕ್ ಒಳಗೆ. ಮೊದಲೇ ನನ್ನ ದನಿ ನನಗೇ ಕೇಳುವುದಿಲ್ಲ.

"ಜೋರಾಗಿ ಹೇಳಮ್ಮ."

ಹೇಳಿದೆ.

"ಇನ್ನೂ ಜೋರಾಗಿ. ಹಿಂದೆ ಐವತ್ತು ಜನ ಇದ್ದಾರೆ."

ಚೀಲದಿಂದ ಪೆನ್ನು ತೆಗೆದು ಲಕೋಟೆಯ ಹಿಂದೆ ಬರೆದೆ. 'ತಪ್ಪು ನನ್ನದು. ಸರಿಮಾಡುವುದು ಹೇಗೆ?' ಪ್ಲಾಸ್ಟಿಕ್ಕಿಗೆ ಒತ್ತಿ ಹಿಡಿದೆ. ಮೇಡಂ ಓದಿದರು. ಕಂಪ್ಯೂಟರ್ ನೋಡಿದರು. ಮತ್ತೆ ನನ್ನ ಲಕೋಟೆ ನೋಡಿದರು.

"ಎಲ್ಲಾ ನಿನ್ನ ಅಕ್ಷರಾನೇ? ಏಜೆಂಟಾ ನೀನು? ಎಷ್ಟು ತಗೋತೀಯಾ ಫಾರಂಗೆ?"

ತಲೆ ಅಲ್ಲಾಡಿಸಿದೆ. ಕಣ್ಣಲ್ಲಿ ನೀರು ಬಂತು, ಮಾಸ್ಕ್ ಒದ್ದೆಯಾಯಿತು. ಅವರ ದನಿ ಸ್ವಲ್ಪ ಇಳಿಯಿತು.

"ನೋಡು. ಎರಡು ದಾರಿ. ಮನೆಯಲ್ಲಿ ಇಷ್ಟೇ ಜನ ಅಂತ ಓನರ್ ಹತ್ತಿರ ಹೊಸದಾಗಿ ಬರೆಸಿಕೊಂಡು ಬಾ. ನಾಲ್ಕಾದ್ರೆ ನಾಲ್ಕು. ಇಲ್ಲ ಅಂದ್ರೆ ತಪಾಸಣೆಗೆ ಬರ್ತಾರೆ. ಅವತ್ತು ಎಷ್ಟು ಜನ ಸಿಗ್ತಾರೋ ಅಷ್ಟು. ಎರಡು ಸಿಕ್ಕರೆ ಫಾರಂ ಪಾಸು. ದಿನಸಿ ಟೈಮಲ್ಲಿ ನೆಂಟರಿದ್ರು, ಈಗ ಹೋದ್ರು ಅನ್ನು. ಅರ್ಥ ಆಯ್ತಾ?"

ಅರ್ಥವಾಯಿತು. ಲಕೋಟೆಯಲ್ಲಿ ಇನ್ನೂ ಜಾಗವಿತ್ತು. 'ಥ್ಯಾಂಕ್ಸ್' ಅಂತ ಬರೆದು ತೋರಿಸಿದೆ. ಅವರು ಅಷ್ಟರಲ್ಲಿ ಹಿಂದಿನವರನ್ನು ಕರೆದಿದ್ದರು.

ಆಗಸ್ಟ್ 12. ಸಂಜೆ

ಅಮ್ಮನೂ ನಾನೂ ಓನರ್ ಮನೆಗೆ. ಎರಡು ಬೀದಿ ಆಚೆ. ಗೇಟಿನ ಹೊರಗೇ ನಿಂತೆವು. ಅವರು ಒಳಗೆ ಕುರ್ಚಿ ಹಾಕಿಕೊಂಡು ಕೂತರು.

ಅಮ್ಮ ಹೇಳಿಬಿಟ್ಟಳು. ಮಗಳು ಫೆಬ್ರವರಿಯಲ್ಲೇ ಬಂದದ್ದು, ಅಳಿಯ ಬೇರೆ ಊರಲ್ಲಿ ಗೋಡೌನ್ ಕಾಯುವವನು, ಅವನಿಗೆ ಸ್ವಂತ ಮನೆ ಇಲ್ಲದ್ದು, ಅವನ ತಂಗಿಯ ಮನೆಯಲ್ಲಿ ಇವಳನ್ನು ಬಾಣಂತಿ ಅಂತಲೂ ನೋಡದೆ ಗೋಣಿಚೀಲದ ಪಕ್ಕ ಮಲಗಿಸಿದ್ದು. ಎಲ್ಲ.

ಓನರ್ ನಕ್ಕರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ.

"ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ಮೂವತ್ತು ವರ್ಷ ಸೀಟಿನಡಿ ಅಡಗಿದವರನ್ನ ಹಿಡಿದವನು ನಾನು. ತಾರಸಿಯಲ್ಲಿ ಕೆಮ್ಮಿದ್ರೆ ಕೆಳಗೆ ಕೇಳುತ್ತೆ. ಮಳೇಲಿ ಆ ಮಗು ಅಳ್ತಿತ್ತು ಅಂತಾನೇ ಅವತ್ತು ಬೇಗ ಎದ್ದು ಹೋದೆ."

ಅಮ್ಮ ಕೈಮುಗಿದಳು. "ಹಾಗಾದ್ರೆ ಒಂದು ಸಹಿ ಅಣ್ಣಾ. ನಾಲ್ಕು ಜನ ಅಂತ."

ನಗು ಹೋಯಿತು. ಒಳಗೆ ಹೋಗಿ ಒಂದು ಫೈಲ್ ತಂದರು. ಕಟ್ಟಡದ ಲೈಸೆನ್ಸು. ಬೆರಳಿಟ್ಟು ತೋರಿಸಿದರು. ಈ ಅಳತೆಯ ರೂಮಿಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಇಡಕೂಡದು. ಇಟ್ಟರೆ ದಂಡ, ಲೈಸೆನ್ಸೂ ರದ್ದು. ಏಳು ರೂಮಿಗೂ.

"ನನಗೆ ಗೊತ್ತಿರೋದು ಬೇರೆ ತಾಯಿ. ನಾನು ಸಹಿ ಹಾಕೋದು ಬೇರೆ. ಸಹಿ ಹಾಕಿದ್ರೆ ನಿಮಗೆ ನಾಲ್ಕು ತಿಂಗಳ ಬಾಡಿಗೆ ಸಿಗುತ್ತೆ, ನನ್ನ ಕಟ್ಟಡಕ್ಕೆ ಬೀಗ ಬೀಳುತ್ತೆ. ಆಮೇಲೆ ಆ ಬಾಡಿಗೆ ಇಟ್ಕೊಂಡು ನೀವೆಲ್ಲಿರ್ತೀರಾ, ನಾನೆಲ್ಲಿರ್ತೀನಿ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಹಿಡಿಯಲು ಒಂದು ಮೂಲೆಯೂ ಸಿಗಲಿಲ್ಲ.

ಆಗಸ್ಟ್ 27

ಚೀಟಿ ಬಂತು. ತಪಾಸಣೆ ಸೆಪ್ಟೆಂಬರ್ ಏಳರಿಂದ ಹನ್ನೆರಡರ ಒಳಗೆ. ಯಾವ ದಿನ ಅಂತಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಯಾವಾಗ ಬೇಕಾದರೂ.

ಕ್ಷೌರದವನಿಗೆ ಚಿಂತೆಯೇ ಇಲ್ಲ. "ನಮ್ಮಪ್ಪ ಆರು ದಿನ ಪಾರ್ಕಿನ ಬೆಂಚಲ್ಲಿ ಕೂರ್ತಾನೆ. ಮೊದಲೂ ಅಲ್ಲೇ ಕೂರ್ತಿದ್ದ, ಈಗ ಸರ್ಕಾರಿ ಕೆಲಸ ಅಂದ್ಕೊಂಡು ಕೂರ್ತಾನೆ." ಮೂಲೆ ರೂಮಿನವರು ಮೂವರನ್ನು ಊರ ಹೊರಗಿನ ಶೆಡ್ಡಿಗೆ ಕಳಿಸುತ್ತಾರಂತೆ.

ನಮ್ಮದು ಮಗು. ಬೆಂಚಲ್ಲಿ ಕೂರುವ ವಯಸ್ಸಲ್ಲ. ನಾಲ್ಕು ದಿನದಿಂದ ಕೆಮ್ಮು ಬೇರೆ. ಬರೀ ನೆಗಡಿ. ಆದರೆ ಈಗ ಕೆಮ್ಮುವ ಮಗುವನ್ನು ಯಾರು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಾರೆ? ಕೇಳಿದೆ. ನಾನೇ ಹೋಗಿ ಕೇಳಿದೆ, ಐದು ಮನೆ. ಎರಡು ಕಡೆ ಕಿಟಕಿಯಲ್ಲೇ ಉತ್ತರ.

ಆಗಸ್ಟ್ 31

ಅಕ್ಕ ಬಟ್ಟೆ ಹಿಂಡುತ್ತಾ ಹೇಳಿದಳು. ನನ್ನ ಮುಖ ನೋಡದೆ.

"ನಾನು ನಾದಿನಿ ಮನೆಗೆ ಹೋಗ್ತೀನಿ ಕಣೇ."

"ಅಲ್ಲಿಗಾ?"

"ಇನ್ನೆಲ್ಲಿಗೆ? ಒಂದು ಹದಿನೈದು ದಿನ. ಅವಳು ಬೈದ್ರೆ ಬೈಸ್ಕೋತೀನಿ. ಬೈಗುಳಕ್ಕೆ ಬಾಡಿಗೆ ಇಲ್ಲವಲ್ಲ."

"ಮತ್ತೆ ಗೋಣಿಚೀಲದ ಪಕ್ಕ ಮಲಗಿಸ್ತಾಳೆ."

"ಈಗ ಚಳಿಗಾಲ ಅಲ್ಲ." ಒಂದು ಪುಟ್ಟ ಅಂಗಿಯನ್ನು ಎರಡು ಸಲ ಹಿಂಡಿದಳು. "ಈ ರೂಮು ಹೋದ್ರೆ ಎಲ್ಲರೂ ಬೀದೀಲಿ. ನಾನಿದ್ರೆ ಹೋಗುತ್ತೆ. ನಾನಿಲ್ಲದಿದ್ರೆ ಉಳಿಯುತ್ತೆ. ಇದಕ್ಕೆ ಐದನೇ ಕ್ಲಾಸೂ ಬೇಡ."

ಬೇಡ, ಹೋಗಬೇಡ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ನನಗೆ ಯಾವಾಗಲೂ ಬರುವುದಿಲ್ಲ, ನಿಜ. ಆದರೆ ಇವತ್ತು ನಾಚಿಕೆಗೆ ಬಾರದೆ ಇದ್ದದ್ದಲ್ಲ. ಅವಳು ಹೋದರೆ ಸರಿಹೋಗುತ್ತದೆ ಅಂತ ಒಳಗೆ ಒಂದು ಕಡೆ... ಇದನ್ನು ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ.

ಸೆಪ್ಟೆಂಬರ್ 5

ಹೋದಳು. ಬೆಳಿಗ್ಗೆ ಆರೂಮುಕ್ಕಾಲಿನ ಬಸ್ಸು. ಬಸ್ಸಿನಲ್ಲಿ ಒಂದು ಬಿಟ್ಟು ಒಂದು ಸೀಟಿಗೆ ಅಡ್ಡಪಟ್ಟಿ. ಅಮ್ಮ ಬರಲಿಲ್ಲ, ಪಾತ್ರೆ ತೊಳೆಯುತ್ತೇನೆ ಅಂತ ಒಳಗೇ ಉಳಿದಳು. ತೊಳೆಯುವ ಪಾತ್ರೆ ಇರಲಿಲ್ಲ.

ಮಗು ಕಿಟಕಿಯ ಗಾಜಿಗೆ ಬಾಯಿ ಇಟ್ಟು ಆವಿ ಮಾಡಿತು. ಅಕ್ಕ ಅದನ್ನು ಸೆರಗಿನಿಂದ ಒರೆಸಿ, ಗಾಜಿನ ಆಚೆಯಿಂದ ಏನೋ ಹೇಳಿದಳು. ಕೇಳಿಸಲಿಲ್ಲ. ಕೇಳಿಸಿದ ಹಾಗೆ ತಲೆ ಆಡಿಸಿದೆ.

ಮನೆಯಲ್ಲಿ ಹಗ್ಗದ ಮೇಲೆ ಒಂದೂ ಪುಟ್ಟ ಬಟ್ಟೆ ಇಲ್ಲ. ಹಗ್ಗ ಎಷ್ಟು ಉದ್ದ ಇದೆ ಅಂತ ಇವತ್ತು ಗೊತ್ತಾಯಿತು.

ಸೆಪ್ಟೆಂಬರ್ 7

ಬರಲಿಲ್ಲ.

ಸೆಪ್ಟೆಂಬರ್ 8

ಬರಲಿಲ್ಲ. ಹಾಲಿನ ಪುಡಿ ಡಬ್ಬಿ ಅಕ್ಕ ಮರೆತು ಹೋಗಿದ್ದಾಳೆ. ತಳದಲ್ಲಿ ನಾಲ್ಕು ಚಮಚ ಇರಬಹುದು. ಅಮ್ಮ ಚಹಾಕ್ಕೆ ಹಾಕುವುದಿಲ್ಲ, ಹಾಕೋಣ ಅಂತಲೂ ಹೇಳುವುದಿಲ್ಲ.

ಸೆಪ್ಟೆಂಬರ್ 10. ನಾಲ್ಕು ಗಂಟೆ

ಬಂದು ಹೋದರು. ಮರೆಯುವ ಮೊದಲು ಬರೆಯುತ್ತೇನೆ.

ಒಬ್ಬರೇ. ಎಳೆ ವಯಸ್ಸಿನವರು. ನೀಲಿ ಗ್ಲೌಸು, ಕೈಯಲ್ಲಿ ಪ್ಯಾಡು. ಕ್ಷೌರದವನ ರೂಮು ಮೊದಲು. ಇಬ್ಬರು. ಟಿಕ್. ಒಂದು ನಿಮಿಷವೂ ಆಗಲಿಲ್ಲ. ಆಮೇಲೆ ನಮ್ಮ ಬಾಗಿಲು. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಕಣ್ಣಾಡಿಸಿದರು. ಮಂಚ, ಸ್ಟೋವು, ಅಮ್ಮ, ನಾನು.

"ಎಷ್ಟು ಜನ ಇದ್ದೀರಾ?"

ಅಮ್ಮ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ಇದ್ದಳು.

"ಅಮ್ಮಾ, ಎಷ್ಟು ಜನ?"

"ನಾಲ್ಕು."

ನಾನು ಅಮ್ಮನ ಸೆರಗು ಹಿಡಿದೆ. ಅವರು ಪ್ಯಾಡ್ ನೋಡಿದರು. "ಉಳಿದಿಬ್ಬರು?"

"ದೊಡ್ಡ ಮಗಳು. ಅವಳ ಕೂಸು."

"ಎಲ್ಲಿದ್ದಾರೆ?"

"ಹೋಗಿದ್ದಾಳೆ."

"ಎಲ್ಲಿಗೆ?"

"ನೀವು ಬರ್ತೀರಿ ಅಂತ ಹೋಗಿದ್ದಾಳೆ."

ಅವರು ಪಕ್ಕದ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಅಮ್ಮಾ, ಫಾರಂನಲ್ಲಿ ಎರಡು ಅಂತಿದೆ. ನನ್ನ ಕಣ್ಣಿಗೆ ಕಾಣ್ತಿರೋದೂ ಎರಡೇ. ಎರಡು ಅಂದುಬಿಡಿ. ನಾನು ಬರ್ಕೊಂಡು ಹೋಗ್ತೀನಿ."

ಈಗಲಾದರೂ ನಾನು ಬಾಯಿ ಬಿಡಬೇಕಿತ್ತು. ಎರಡು ಸರ್, ನಮ್ಮಮ್ಮನಿಗೆ ಹುಷಾರಿಲ್ಲ ಸರ್, ಅಂತ. ಮನಸ್ಸಿನಲ್ಲಿ ಪೂರ್ತಿ ವಾಕ್ಯ ಬರೆದಾಗಿತ್ತು.

"ನಾಲ್ಕು," ಅಂದಳು ಅಮ್ಮ.

ಅವರು ಬರೆದುಕೊಂಡರು. ಬರೆದದ್ದು ಒಂದು ಅಂಕಿಯಲ್ಲ, ಎರಡು ಸಾಲು. ಪಕ್ಕದ ರೂಮಿಗೆ ಹೋದರು.

"ಯಾಕಮ್ಮ?" ಅಂತ ಕೇಳಿದೆ. ಬಹಳ ಹೊತ್ತು ಆದಮೇಲೆ.

"ಬಾಯಿಗೆ ಬರಲಿಲ್ಲ ಕಣೇ. ಕಂಡಕ್ಟರ್ ಹತ್ತಿರ ಇಲ್ಲ ಅನ್ನುವಾಗ ಅವಳು ಮೇಲೆ ತಾರಸೀಲಿ ಇರ್ತಿದ್ದಳು. ನಾನು ಇಲ್ಲ ಅಂದ್ರೂ ಇದ್ದಳು. ಈಗ ಇಲ್ಲ ಅಂದ್ರೆ... ಇಲ್ಲವೇ ಇಲ್ಲ."

ಸೆಪ್ಟೆಂಬರ್ 21

ಲಕೋಟೆಗಳು ಬಂದವು. ಆರು ರೂಮಿಗೆ ಮಂಜೂರು. ನಮಗೆ ಇಲ್ಲ. 'ವಾಸವಿರುವವರ ಸಂಖ್ಯೆಯ ಬಗ್ಗೆ ಅರ್ಜಿದಾರರೇ ಭಿನ್ನ ಹೇಳಿಕೆ ನೀಡಿರುವ ಕಾರಣ.' ಆರು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ.

ಕ್ಷೌರದವನು ಬಾಗಿಲಲ್ಲಿ ನಿಂತ. ಜೋಕು ಹುಡುಕಿದ, ಸಿಗಲಿಲ್ಲ. "ನಿಮ್ಮಮ್ಮ ಒಂದೇ ಒಂದು ನಿಮಿಷ..." ಅಂದು ನಿಲ್ಲಿಸಿದ. ಆಮೇಲೆ, "ತಲೆ ಕೂದಲು ಬೆಳೆದಿದೆ ಅಮ್ಮಂದು. ತುದಿ ಕತ್ತರಿಸಿ ಕೊಡ್ತೀನಿ, ದುಡ್ಡು ಬೇಡ" ಅಂದ. ಅಮ್ಮ ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಅವನ ಅಪ್ಪ ಕೆಳಗೆ ಬಿದ್ದ ಕೂದಲು ಗುಡಿಸಿದ.

ಮೂಲೆ ರೂಮಿನವರು ನನ್ನಿಂದಲೇ ಲಕೋಟೆ ಓದಿಸಿಕೊಂಡರು. ಮಂಜೂರಾಗಿದೆ ಅಂತ ಓದಿದೆ. ಎರಡು ಸಲ ಓದು ಅಂದರು. ಓದಿದೆ.

ಸೆಪ್ಟೆಂಬರ್ 25

ಅಕ್ಕನಿಗೆ ಹೇಳಬೇಡ ಅಂದಿದ್ದಾಳೆ ಅಮ್ಮ. ಹೇಳುವುದಾದರೂ ಹೇಗೆ. ಅವಳ ಫೋನು ನಾದಿನಿ ಇಟ್ಟುಕೊಂಡಿದ್ದಾಳಂತೆ, ಕರೆನ್ಸಿ ಖರ್ಚಾಗುತ್ತದೆ ಅಂತ. ಒಂದು ಸಲ ಮಾತ್ರ ಭಾವನ ಫೋನಿನಿಂದ ಮಿಸ್ಡ್ ಕಾಲ್ ಬಂದಿತ್ತು. ತಿರುಗಿ ಮಾಡುವಷ್ಟರಲ್ಲಿ ಅವರು ಡ್ಯೂಟಿಗೆ ಹೋಗಿ ಸ್ವಿಚ್ ಆಫ್.

ಸೆಪ್ಟೆಂಬರ್ 28

ಓನರ್ ಬಂದರು. ಒಂದನೇ ತಾರೀಖಲ್ಲ, ಆದರೂ ಬಂದರು. ಎಣಿಸಲಿಲ್ಲ. ಪೆನ್ನು ಜೇಬಿನಲ್ಲೇ ಇತ್ತು.

"ಆರು ರೂಮಿನದ್ದು ಬಂತು. ನಿಮ್ಮದೊಂದು ಬರಲಿಲ್ಲ." ಗೋಡೆ ನೋಡುತ್ತಾ ಮಾತಾಡಿದರು. "ಒಂದನೇ ತಾರೀಖಿಗೆ ಬೇರೆಯವರು ಬರ್ತಾರೆ. ಆಸ್ಪತ್ರೇಲಿ ಕೆಲಸ ಮಾಡೋ ಇಬ್ಬರು ಹುಡುಗರು. ಅಡ್ವಾನ್ಸ್ ಕೊಟ್ಟಿದ್ದಾರೆ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಬೀಗ ತರ್ತೀನಿ."

"ಆಯ್ತಣ್ಣ," ಅಂದಳು ಅಮ್ಮ.

ಅವರು ಹೋಗಲಿಲ್ಲ. ಮೆಟ್ಟಿಲಲ್ಲಿ ನಿಂತರು. "ನೀವು ಎರಡು ಅಂದಿದ್ರೆ ಆಗ್ತಿತ್ತು ತಾಯಿ. ನನ್ನ ಹತ್ತಿರ ಎಷ್ಟು ಸಲೀಸಾಗಿ ಹೇಳ್ತಿದ್ರಿ." ಬೈಗುಳದ ದನಿಯಲ್ಲ. ಬೇಡಿಕೊಂಡ ಹಾಗಿತ್ತು.

ಸೆಪ್ಟೆಂಬರ್ 29

ಅಮ್ಮ ಕಸ ಗುಡಿಸುತ್ತಿದ್ದ ಟಾಕೀಸಿಗೆ ಹೋಗಿ ಬಂದೆವು. ಇನ್ನೂ ಮುಚ್ಚಿದೆ. ಗೋಡೆಯಲ್ಲಿ ಮಾರ್ಚ್ ತಿಂಗಳ ಪೋಸ್ಟರು, ಅರ್ಧ ಹರಿದದ್ದು. ವಾಚ್‌ಮನ್ ಗುರುತು ಹಿಡಿದ. ಟಿಕೆಟ್ ಕೌಂಟರಿನ ಹಿಂದೆ ಒಂದು ಕೋಣೆ ಇದೆ, ಮ್ಯಾನೇಜರ್‌ಗೆ ಗೊತ್ತಾಗದ ಹಾಗೆ ಸ್ವಲ್ಪ ದಿನ ಇರಬಹುದು ಅಂದ.

"ಎಷ್ಟು ಜನ?" ಅಂತ ಅವನೂ ಕೇಳಿದ.

"ಇಬ್ಬರು," ಅಂದೆ. ನಾನೇ ಅಂದೆ. ಅಮ್ಮ ಬಾಯಿ ತೆರೆಯುವ ಮೊದಲು, ಜೋರಾಗಿ.

"ಇಬ್ಬರು ಅಂದ್ರೆ ಇಬ್ಬರೇ. ಮಕ್ಕಳುಮರಿ ಬೇಡ. ಅತ್ರೆ ರಸ್ತೆಗೆ ಕೇಳುತ್ತೆ, ನನ್ನ ಕೆಲಸ ಹೋಗುತ್ತೆ."

"ಇಲ್ಲ. ಇಬ್ಬರೇ."

ದಾರಿಯುದ್ದಕ್ಕೂ ಅಮ್ಮ ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದಳು.

ಸೆಪ್ಟೆಂಬರ್ 30. ಮಧ್ಯಾಹ್ನ

ಎರಡು ಗಂಟು, ಒಂದು ಟ್ರಂಕು, ಸ್ಟೋವು. ಮಂಚ ಓನರದ್ದೇ. ಬೆಡ್‌ಶೀಟ್ ಒಬ್ಬಳೇ ಮಡಿಚಿದೆ. ಸೊಟ್ಟ ಬಂತು. ಅಮ್ಮ ಕೊನೆಯ ಸಲ ನೀರು ಹಿಡಿಯಲು ಕೆಳಗೆ ಹೋಗಿದ್ದಾಳೆ.

ಈಗ ಫೋನು ಬಂತು. ಭಾವನ ನಂಬರು. ಅಕ್ಕ. ಪಿಸುಪಿಸು ದನಿ. ಹಿಂದೆ ಮಗು ಕೆಮ್ಮುತ್ತಿತ್ತು. ಅದೇ ಕೆಮ್ಮು.

"ಬಂದಿದ್ರಾ ಅವರು? ನೋಡಿದ್ರಾ?"

"ಹ್ಞೂಂ."

"ಇಬ್ಬರೇ ಇದ್ರಲ್ಲ?"

"ಹ್ಞೂಂ. ಇಬ್ಬರೇ ಇದ್ವಿ."

"ಮತ್ತೆ? ಆಯ್ತಾ? ಮಂಜೂರಾಯ್ತಾ?"

ಹಿಂದಿನಿಂದ ಒಂದು ಹೆಂಗಸಿನ ದನಿ. ಯಾರ ಅಪ್ಪನ ಮನೆ ಕರೆನ್ಸಿ ಅದು ಅಂತ. ಅಕ್ಕ ಉಸಿರು ಹಿಡಿದುಕೊಂಡಳು. ಆ ಉಸಿರು ನನಗೆ ಕೇಳಿತು. ಗೋಣಿಚೀಲದ ಪಕ್ಕ ಇಪ್ಪತ್ತೈದು ದಿನ ಮಲಗಿದವಳ ಉಸಿರು. ಅವಳಿಗೆ ಹೇಗೆ ಹೇಳಲಿ, ನೀನು ಹೋದದ್ದು ಸುಮ್ಮನೆ ಅಂತ.

"ಆಯ್ತು," ಅಂದೆ.

ಅಕ್ಕ ಅತ್ತಳು. ಬಸ್ಸು ಹತ್ತುವಾಗ ಅತ್ತಿರಲಿಲ್ಲ.

"ನಿನ್ನ ಅಕ್ಷರದಿಂದ ಹೋಯ್ತು ಅಂತ ಎಷ್ಟು ಕೊರಗಿದ್ದೆ ನೀನು. ನೋಡು, ಸರಿಹೋಯ್ತು. ಇನ್ನು ನಾನಿಲ್ಲಿ ಒಂದು ದಿನಾನೂ ಇರಲ್ಲ ಕಣೇ. ಇವರು ಬಸ್ ಚಾರ್ಜ್ ಕೊಟ್ಟಿದ್ದಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಡ್ತೀನಿ. ಹತ್ತು ಗಂಟೆಗೆಲ್ಲ ಅಲ್ಲಿರ್ತೀನಿ. ಅಮ್ಮನಿಗೆ ಹೇಳಿಬಿಡು."

ಅಕ್ಕಾ, ತಡಿ ಅಂದೆ. ಅಂದೆನಾ? ಅಷ್ಟರಲ್ಲಿ ಕಟ್ ಆಗಿತ್ತು. ತಿರುಗಿ ಮಾಡಿದೆ. ಸ್ವಿಚ್ ಆಫ್. ಆರು ಸಲ ಮಾಡಿದೆ. ಸ್ವಿಚ್ ಆಫ್.

ಅಮ್ಮ ಕೊಡ ಇಳಿಸಿದಳು. ಯಾರದು ಫೋನು ಅಂತ ಕೇಳುತ್ತಿದ್ದಾಳೆ. ತಲೆ ಎತ್ತದೆ ಬರೆಯುತ್ತಿದ್ದೇನೆ. ಮತ್ತೆ ಕೇಳಿದಳು. ಹತ್ತಿರ ಬಂದಳು. ಹೇಳಬೇಕು. ಅಮ್ಮಾ, ಅಕ್ಕ